ಮಲಬದ್ಧತೆಗೆ ಮನೆಮದ್ದು: ಯಾವುದು ಮೊದಲು, ಯಾವುದು ಆಮೇಲೆ, ಎಲ್ಲಿ ಕೆಡತ್ತೆ

"ಇಸಬ್ಗೋಲ್ ತಗೊಂಡೆ, ಹೊಟ್ಟೆ ಇನ್ನೂ ಕಲ್ಲಾಯ್ತು." "ದಿನಾ ಬೆಳಗ್ಗೆ ಬಿಸಿನೀರು ಕುಡೀತೀನಿ, ಏನೂ ಪ್ರಯೋಜನ ಇಲ್ಲ." "ಹಣ್ಣು ತರಕಾರಿ ಎಲ್ಲಾ ತಿಂತೀನಿ, ಆದ್ರೂ ನಾಲ್ಕು ದಿನಕ್ಕೊಂದ್ಸಲ." ಎಲ್ಲರ ದೂರೂ ಹೆಚ್ಚುಕಡಿಮೆ ಇದೇ. ವಿಚಾರಿಸಿದ್ರೆ ಗೊತ್ತಾಗೋದೇನಂದ್ರೆ ತಗೊಂಡಿರೋ ವಸ್ತು ಸರಿಯಾಗೇ ಇರತ್ತೆ, ತಗೊಂಡ ಕ್ರಮ ತಪ್ಪಿರತ್ತೆ. ಕೆಳಗೆ ಗಟ್ಟಿ ಮಲ ಕೂತಿರುವಾಗ ಮೇಲಿಂದ ನಾರು (ಫೈಬರ್, ಇಸಬ್ಗೋಲ್, ಹಣ್ಣು, ತರಕಾರಿಯಲ್ಲಿರೋದು) ತುಂಬ್ತಾ ಹೋಗೋದು, ಜಾಮ್ ಆಗಿರೋ ರೋಡಿಗೆ ಇನ್ನೂ ನಾಲ್ಕು ಲಾರಿ ಬಿಟ್ಟ ಹಾಗೆ. ಹೊಟ್ಟೆ ಉಬ್ಬತ್ತೆ, ನೋವು ಬರತ್ತೆ, ಆಮೇಲೆ "ನಂಗೆ ನಾರು ಆಗಿಬರಲ್ಲ" ಅಂತ ತೀರ್ಮಾನ.

ಹಾಗಾಗಿ ಕೆಳಗಿರೋದನ್ನ ಅದೇ ಆರ್ಡರ್‌ನಲ್ಲಿ ಮಾಡಿ. ಮಧ್ಯದ ಹಂತಕ್ಕೆ ನೇರ ಹಾರೋದೇ ಎಲ್ಲರೂ ಮಾಡೋ ಕೆಲಸ, ಅದನ್ನ ಮಾತ್ರ ಮಾಡ್ಬೇಡಿ. ಇದೆಲ್ಲ ದೊಡ್ಡವರಿಗೆ ಬರೆದಿದ್ದು, ಮಕ್ಕಳ ವಿಷ್ಯ ಕೊನೇಲಿ ಬೇರೆ ಇದೆ.

## ಮೊದ್ಲು ಇವನ್ನ ಹೊಂದಿಸ್ಕೊಳ್ಳಿ

ಒಂದು ಗಿಡ್ಡ ಸ್ಟೂಲು, 15ರಿಂದ 20 ಸೆಂಟಿಮೀಟರ್ ಎತ್ತರದ್ದು (ಕಮೋಡ್ ಬಳಸೋರಿಗೆ ಮಾತ್ರ, ಕುಕ್ಕರಗಾಲಲ್ಲಿ ಕೂರೋ ಟಾಯ್ಲೆಟ್ ಇದ್ರೆ ಬೇಡ). 5 ಎಂಎಲ್ ಅಳತೆ ಚಮಚ ಒಂದು. 250 ಎಂಎಲ್ ಹಿಡಿಯೋ ಲೋಟ ಒಂದು. ಬರ್ಕೊಳ್ಳೋಕೆ ನೋಟ್‌ಬುಕ್ ಅಥವಾ ಫೋನ್. ಬರ್ಕೊಳ್ಳೋದು ಯಾಕೆ ಅಂತ ಕೇಳ್ಬೇಡಿ, ಎರಡು ವಾರ ಆದ್ಮೇಲೆ ಏನು ಕೆಲಸ ಮಾಡ್ತು ಅಂತ ಯಾರಿಗೂ ನೆನಪಿರಲ್ಲ. ಯಾವತ್ತು ಹೋದ್ರಿ, ಗಟ್ಟಿನಾ ಮೆತ್ತಗಾ, ಮುಕ್ಕಬೇಕಾಯ್ತಾ, ಇಷ್ಟು ಸಾಕು.

## ಹಂತ 1: ಇದು ನಿಜವಾಗ್ಲೂ ಮಲಬದ್ಧತೆನಾ ನೋಡಿ

ದಿನಾ ಬೆಳಗ್ಗೆ ಆಗ್ಲೇಬೇಕು ಅನ್ನೋ ನಿಯಮ ದೇಹಕ್ಕಿಲ್ಲ. ದಿನಕ್ಕೆ ಮೂರು ಸಲದಿಂದ ಹಿಡಿದು ವಾರಕ್ಕೆ ಮೂರು ಸಲದವರೆಗೆ ಎಲ್ಲಾ ನಾರ್ಮಲ್, ಮೆತ್ತಗೆ ಸಲೀಸಾಗಿ ಆಗ್ತಿದ್ರೆ. ವಾರಕ್ಕೆ ಮೂರಕ್ಕಿಂತ ಕಮ್ಮಿ, ಅಥವಾ ದಿನಾ ಆದ್ರೂ ಉಂಡೆ ಉಂಡೆಯಾಗಿ ಗಟ್ಟಿ, ತುಂಬಾ ಮುಕ್ಕಬೇಕು, ಹೋಗಿ ಬಂದ್ಮೇಲೂ ಪೂರ್ತಿ ಆಗಿಲ್ಲ ಅನ್ಸತ್ತೆ, ಇವಿದ್ರೆ ಮಲಬದ್ಧತೆ.

ಡಾಕ್ಟರ್‌ಗಳು ಬಳಸೋ ಬ್ರಿಸ್ಟಲ್ ಚಾರ್ಟ್‌ನಲ್ಲಿ ಮಲಕ್ಕೆ 7 ನಮೂನೆ ಇದೆ. 1 ಅಂದ್ರೆ ಬಿಡಿಬಿಡಿ ಗಟ್ಟಿ ಉಂಡೆ, 2 ಅಂದ್ರೆ ಉಂಡೆಗಳೇ ಅಂಟಿಕೊಂಡ ಗಂಟುಗಂಟು ತುಂಡು, 3 ಮತ್ತೆ 4 ಚೆನ್ನಾಗಿರೋದು, 7 ಅಂದ್ರೆ ಬರೀ ನೀರು. ನೋಟ್‌ಬುಕ್‌ನಲ್ಲಿ ಈ ನಂಬರ್ ಬರೆದ್ರೆ ಡಾಕ್ಟರ್ ಹತ್ರ ವಿವರಿಸೋ ಮುಜುಗರನೂ ತಪ್ಪತ್ತೆ.

## ಹಂತ 2: ಮನೆಮದ್ದು ಶುರು ಮಾಡಬಾರದ ಲಕ್ಷಣಗಳು

ಇದನ್ನ ಕೊನೇಲಿ ಬರೆಯೋದು ವಾಡಿಕೆ, ಆದ್ರೆ ಕೊನೆವರೆಗೆ ಯಾರೂ ಓದಲ್ಲ, ಅದಕ್ಕೆ ಇಲ್ಲೇ ಹಾಕಿದೀನಿ.

ಹೊಟ್ಟೆ ಉಬ್ಬಿ ಬಿಗಿಯಾಗಿದೆ, ಗ್ಯಾಸ್ ಕೂಡ ಹೋಗ್ತಿಲ್ಲ, ವಾಂತಿ ಆಗ್ತಿದೆ ಅಂದ್ರೆ ಕರುಳು ಮುಚ್ಚಿಕೊಂಡಿರಬಹುದು. ಇದು ಎಮರ್ಜೆನ್ಸಿ, ಏನೂ ತಿನ್ನದೆ ಕುಡಿಯದೆ ಆಸ್ಪತ್ರೆಗೆ ಹೋಗಿ. ಜೋರು ಹೊಟ್ಟೆನೋವು ಜ್ವರದ ಜೊತೆ ಬಂದ್ರೂ ಅಷ್ಟೇ. ಬೆನ್ನುನೋವಿನ ಜೊತೆ ಕಾಲು ಜೋಮು ಹಿಡಿದು, ಮೂತ್ರ ಕಟ್ಟಿ, ಮಲದ ಮೇಲೆ ಹಿಡಿತ ತಪ್ಪಿದ್ರೆ ಅದು ನರದ ಸಮಸ್ಯೆ, ಅದಕ್ಕೂ ಅವತ್ತೇ ಹೋಗ್ಬೇಕು.

ಇನ್ನು ಕೆಲವು ಅವತ್ತೇ ಓಡಬೇಕಾದ್ದಲ್ಲ, ಆದ್ರೆ ಮನೆಮದ್ದಲ್ಲಿ ತಿಂಗಳು ಕಳೀಬಾರದು: ಮಲದಲ್ಲಿ ರಕ್ತ, ಅಥವಾ ಟಾರಿನ ಹಾಗೆ ಕಪ್ಪಾಗಿ ಅಂಟಂಟಾಗಿ ಹೋಗೋದು (ಇದೊಂದು ಮಾತ್ರ ಆದ್ರೆ ಅವತ್ತೇ ಹೋಗಿ), ಕಾರಣ ಇಲ್ಲದೆ ತೂಕ ಇಳಿಯೋದು, ರಕ್ತಹೀನತೆ, ಮನೇಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್ ಆಗಿರೋದು, 45-50 ದಾಟಿದ ಮೇಲೆ ಇದ್ದಕ್ಕಿದ್ದ ಹಾಗೆ ಅಭ್ಯಾಸ ಬದಲಾಗೋದು. ರಕ್ತ ಕಂಡ ತಕ್ಷಣ "ಮೂಲವ್ಯಾಧಿ ಇರ್ಬೇಕು ಬಿಡು" ಅಂತ ತಾವೇ ಹೆಸರಿಟ್ಟು ಸುಮ್ಮನಾಗೋರು ಬಹಳ ಜನ. ಮೂಲವ್ಯಾಧಿನೇ ಇರಬಹುದು, ಆದ್ರೆ ಅದನ್ನ ನೋಡಿ ಹೇಳ್ಬೇಕಾದವರು ಡಾಕ್ಟರು.

ಒಂದು ಮೋಸದ ಲಕ್ಷಣ ಇದೆ, ಮುಖ್ಯವಾಗಿ ವಯಸ್ಸಾದವರಲ್ಲಿ. ದಿನಗಟ್ಟಲೆ ಆಗದೆ ಇದ್ದೋರಿಗೆ ಇದ್ದಕ್ಕಿದ್ದ ಹಾಗೆ ನೀರುನೀರಾಗಿ ಸೋರೋಕೆ ಶುರುವಾಗತ್ತೆ, ಬಟ್ಟೆಗೆ ಹತ್ತತ್ತೆ. ಮನೆಯವರು ಭೇದಿ ಅಂದ್ಕೊಂಡು ಭೇದಿ ನಿಲ್ಲೋ ಮಾತ್ರೆ ಕೊಡ್ತಾರೆ. ಆದ್ರೆ ಅದು ಒಳಗೆ ಸಿಕ್ಕಿಕೊಂಡಿರೋ ಗಟ್ಟಿ ಮಲದ ಪಕ್ಕದಿಂದ ನುಸುಳಿ ಬರ್ತಿರೋ ನೀರು ಆಗಿರಬಹುದು, ಆಗ ಮಾತ್ರೆ ಕೊಟ್ರೆ ಇನ್ನೂ ಬಿಗಿಯತ್ತೆ. ಹಾಸಿಗೆ ಹಿಡಿದವರಲ್ಲಿ ಇದು ಕಂಡ್ರೆ ಡಾಕ್ಟರೋ ನರ್ಸೋ ಪರೀಕ್ಷೆ ಮಾಡ್ಬೇಕು.

## ಹಂತ 3: ಮಾತ್ರೆ ಡಬ್ಬಿ ತೆಗೆದು ನೋಡಿ

ಊಟ ಬದಲಾಯಿಸೋಕೆ ಮುಂಚೆ ಇದು. ಐರನ್ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಅಲ್ಯೂಮಿನಿಯಂ ಇರೋ ಆ್ಯಂಟಾಸಿಡ್, ಕೊಡೀನ್ ಇರೋ ಕೆಮ್ಮಿನ ಸಿರಪ್, ಟ್ರಮಡಾಲ್ ಥರದ ನೋವಿನ ಮಾತ್ರೆ, ನಿದ್ದೆ ಬರಿಸೋ ಹಳೇ ಅಲರ್ಜಿ ಮಾತ್ರೆ, ಖಿನ್ನತೆಗೆ ಇಲ್ಲಾ ನರನೋವಿಗೆ ಕೊಡೋ ಅಮಿಟ್ರಿಪ್ಟಿಲಿನ್, ಬಿಪಿಗೆ ಕೊಡೋ ವೆರಪಮಿಲ್, ಇವೆಲ್ಲ ಕರುಳನ್ನ ನಿಧಾನ ಮಾಡತ್ತೆ ಇಲ್ಲಾ ಮಲ ಗಟ್ಟಿ ಮಾಡತ್ತೆ. ತೊಂದ್ರೆ ಶುರುವಾದ ದಿನಾಂಕಕ್ಕೂ ಮಾತ್ರೆ ಶುರುವಾದ ದಿನಾಂಕಕ್ಕೂ ಹೊಂದ್ತಾ ನೋಡಿ, ಹೊಂದಿದ್ರೆ ಅದನ್ನ ಬರೆದುಕೊಟ್ಟ ಡಾಕ್ಟರ್‌ಗೆ ಹೇಳಿ. ನೀವಾಗೇ ನಿಲ್ಲಿಸ್ಬೇಡಿ, ಮುಖ್ಯವಾಗಿ ಬಿಪಿ ಮಾತ್ರೆ.

ಥೈರಾಯ್ಡ್ ಕಮ್ಮಿ ಇರೋರಿಗೆ, ತುಂಬಾ ವರ್ಷದಿಂದ ಶುಗರ್ ಇರೋರಿಗೆ, ಗರ್ಭಿಣಿಯರಿಗೆ ಮಲಬದ್ಧತೆ ಸಾಮಾನ್ಯ. ಸುಸ್ತು, ಚಳಿ ತಡೆಯೋಕಾಗದೆ ಇರೋದು, ತೂಕ ಏರೋದು ಜೊತೆಗಿದ್ರೆ ಥೈರಾಯ್ಡ್ ಟೆಸ್ಟ್ ಒಂದು ಮಾಡ್ಸಿ, ಅದು ಸರಿ ಹೋಗದೆ ಎಷ್ಟು ಪಪ್ಪಾಯ ತಿಂದ್ರೂ ಅಷ್ಟಕ್ಕಷ್ಟೇ.

## ಹಂತ 4: ಕೂತಿರೋದನ್ನ ಮೊದ್ಲು ಹೊರಗೆ ಹಾಕಿ

ಎಲ್ಲರೂ ಬಿಟ್ಟುಬಿಡೋ ಹಂತ ಇದು. ನಾಲ್ಕೈದು ದಿನದಿಂದ ಆಗಿಲ್ಲ, ಗುದದ ಹತ್ರ ಗಟ್ಟಿಯಾಗಿ ಒತ್ತಿದ ಹಾಗಿದೆ, ಮುಕ್ಕಿದ್ರೂ ಬರ್ತಿಲ್ಲ ಅಂದ್ರೆ ಇವತ್ತು ನಾರು ಬೇಡ. ಇಸಬ್ಗೋಲ್ ಬೇಡ, ಅಗಸೆ ಬೀಜ ಬೇಡ, ಹೊಟ್ಟು ಹಾಕಿದ ರೊಟ್ಟಿನೂ ಬೇಡ.

ಸಿಕ್ಕಿಕೊಂಡಿರೋದು ತೀರ ಕೆಳಗೆ ಅಂದ್ರೆ ಗ್ಲಿಸರಿನ್ ಸಪೊಸಿಟರಿ ಸಾಕು, ಗುದದ್ವಾರದಲ್ಲಿ ಇಡೋದು, 15 ನಿಮಿಷದಿಂದ ಒಂದು ಗಂಟೆ ಒಳಗೆ ಕೆಲಸ ಮಾಡತ್ತೆ. ಪೂರ್ತಿ ಗಟ್ಟಿ ಅಂದ್ರೆ ನೀರನ್ನ ಕರುಳಿಗೆ ಎಳೆಯೋ ಔಷಧ ಬೇಕು: ಲ್ಯಾಕ್ಟುಲೋಸ್ ಸಿರಪ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ಇವು ಒಂದು ದಿನದಿಂದ ಮೂರು ದಿನ ತಗೊಳ್ಳತ್ತೆ, ರಾತ್ರಿ ಕುಡಿದು ಬೆಳಗ್ಗೆ ಆಗ್ಲಿಲ್ಲ ಅಂತ ಡಬಲ್ ಡೋಸ್ ಕುಡಿಯೋದೇ ಇಲ್ಲಿ ಆಗೋ ತಪ್ಪು. ಡೋಸ್ ಎಷ್ಟು ಅಂತ ಡಾಕ್ಟರ್ ಅಥವಾ ಫಾರ್ಮಸಿಸ್ಟ್ ಹತ್ರ ಕೇಳ್ಕೊಳ್ಳಿ. ಮಿಲ್ಕ್ ಆಫ್ ಮೆಗ್ನೀಷಿಯಾ ಬೇಗ ಕೆಲಸ ಮಾಡತ್ತೆ, ಆರು ಗಂಟೆ ಒಳಗೆ, ಆದ್ರೆ ಕಿಡ್ನಿ ತೊಂದ್ರೆ ಇರೋರು ಮುಟ್ಟಬಾರದು, ಮೆಗ್ನೀಷಿಯಂ ರಕ್ತದಲ್ಲಿ ಏರಿ ಅಪಾಯ ಆಗತ್ತೆ.

ಇದು "ನ್ಯಾಚುರಲ್" ಅಲ್ವಲ್ಲ ಅಂತ ಮುಖ ಸಿಂಡರಿಸೋರಿಗೆ ಒಂದು ಮಾತು: ಸೋನಾಮುಖಿ (ಸೆನ್ನಾ) ಎಲೆ ಗಿಡದ್ದೇ, ಆದ್ರೆ ಕರುಳನ್ನ ಹಿಂಡಿ ಹಿಂಡಿ ನೋವು ಬರಿಸತ್ತೆ. ಲ್ಯಾಕ್ಟುಲೋಸ್ ಫ್ಯಾಕ್ಟರಿದು, ಅದು ಸುಮ್ಮನೆ ನೀರು ಎಳೆದು ಮೆತ್ತಗೆ ಮಾಡತ್ತೆ. "ಹರ್ಬಲ್", "ಚೂರ್ಣ", "ಡಿಟಾಕ್ಸ್ ಟೀ" ಅಂತ ಬರೋ ಪ್ಯಾಕೆಟ್‌ಗಳ ಹಿಂಭಾಗ ಓದಿ, ಬಹಳಷ್ಟರಲ್ಲಿ ಸೋನಾಮುಖಿನೇ ಇರತ್ತೆ. ಅಪರೂಪಕ್ಕೆ ಒಂದು ರಾತ್ರಿ ತಗೊಂಡ್ರೆ ಪರವಾಗಿಲ್ಲ, 6ರಿಂದ 12 ಗಂಟೇಲಿ ಕೆಲಸ ಮಾಡತ್ತೆ, ಆದ್ರೆ ದಿನಾ ಟೀ ಥರ ಕುಡಿದ್ರೆ ಭೇದಿ ಆಗಿ ಪೊಟ್ಯಾಸಿಯಂ ಇಳಿಯತ್ತೆ. ಹರಳೆಣ್ಣೆನೂ ಇದೇ ಸಾಲಿಗೆ, ಗರ್ಭಿಣಿಯರು ಅಂತೂ ಮುಟ್ಟಲೇಬಾರದು. ಸೋಪ್ ನೀರಿನ ಎನಿಮಾ (ಗುದದಿಂದ ಒಳಗೆ ನೀರು ಬಿಡೋದು) ಮನೇಲಿ ಮಾಡ್ಬೇಡಿ, ಕರುಳಿನ ಒಳಪದರ ಸುಡತ್ತೆ.

ಒಂದ್ಸಲ ಚೆನ್ನಾಗಿ ಖಾಲಿ ಆದ್ಮೇಲೆ ಮುಂದಿನ ಹಂತ. ಅಷ್ಟು ಬಿಗಿಯಾಗಿಲ್ಲ, ಸುಮ್ನೆ ಸ್ವಲ್ಪ ಗಟ್ಟಿ ಅಷ್ಟೇ ಅನ್ನೋರು ಈ ಹಂತ ಬಿಟ್ಟು 5ಕ್ಕೆ ಹೋಗಬಹುದು.

## ಹಂತ 5: ಟೈಮ್ ಮತ್ತೆ ಕೂರೋ ಭಂಗಿ

ಕಾಸು ಖರ್ಚಿಲ್ಲ, ಅದಕ್ಕೇ ಯಾರೂ ಸೀರಿಯಸ್ಸಾಗಿ ತಗೊಳ್ಳಲ್ಲ. ಹೊಟ್ಟೆಗೆ ಊಟ ಬಿದ್ದ ತಕ್ಷಣ ದೊಡ್ಡ ಕರುಳು ತಾನಾಗೇ ಅಲುಗಾಡತ್ತೆ, ಬೆಳಗ್ಗೆ ಇದು ಜಾಸ್ತಿ. ಬೆಳಗ್ಗೆ ಬಿಸಿನೀರು ಅಥವಾ ಕಾಫಿ ಕುಡಿದ್ರೆ ಕೆಲವರಿಗೆ ಆಗೋದು ಇದ್ರಿಂದಾನೇ, ನೀರು ಹೋಗಿ ಮಲನ ಕರಗಿಸತ್ತೆ ಅಂತಲ್ಲ. ತಿಂಡಿ ತಿಂದು 15ರಿಂದ 30 ನಿಮಿಷದಲ್ಲಿ, ಅನಿಸಿದ್ರೂ ಅನಿಸದಿದ್ರೂ, ಹೋಗಿ ಕೂತ್ಕೊಳ್ಳಿ. ದಿನಾ ಅದೇ ಹೊತ್ತಿಗೆ.

ಕಮೋಡ್ ಮೇಲೆ ಕೂತು ಸ್ಟೂಲ್ ಮೇಲೆ ಪಾದ ಇಡಿ, ಮಂಡಿ ಸೊಂಟಕ್ಕಿಂತ ಮೇಲೆ ಬರ್ಬೇಕು, ಸ್ವಲ್ಪ ಮುಂದೆ ಬಾಗಿ ಮೊಣಕೈ ತೊಡೆ ಮೇಲೆ ಊರಿ. ಗುದನಾಳನ ಸುತ್ತಿ ಹಿಂದಿನಿಂದ ಮುಂದಕ್ಕೆ ಎಳೆದು ಹಿಡಿಯೋ ಒಂದು ಸ್ನಾಯು ಇದೆ, ನೇರ ಕೂತಾಗ ಅದು ನಾಳನ ಮಡಚಿ ಇಟ್ಟಿರತ್ತೆ, ಮಂಡಿ ಮೇಲೆ ಬಂದಾಗ ಸಡಿಲ ಆಗಿ ದಾರಿ ನೇರ ಆಗತ್ತೆ. ಉಸಿರು ಬಿಗಿಹಿಡಿದು ಮುಕ್ಕಬೇಡಿ, ಹೊಟ್ಟೆ ಮುಂದಕ್ಕೆ ಉಬ್ಬೋ ಹಾಗೆ ಉಸಿರು ಎಳೆದು ನಿಧಾನ ಬಿಡಿ.

5ರಿಂದ 10 ನಿಮಿಷ, ಆಗ್ಲಿಲ್ವಾ, ಎದ್ದು ಬನ್ನಿ. ಫೋನ್ ಹೊರಗಿರಲಿ. ರೀಲ್ಸ್ ನೋಡ್ತಾ ಅರ್ಧ ಗಂಟೆ ಕೂತ್ರೆ ಗುದದ ರಕ್ತನಾಳಗಳ ಮೇಲೆ ಒತ್ತಡ ಬಿದ್ದು ಮೂಲವ್ಯಾಧಿ ಬರೋಕೆ ದಾರಿ.

ಇನ್ನೊಂದು ಮುಖ್ಯವಾದ್ದು, ಬಂದಾಗ ತಡೆಹಿಡಿಯೋದು. ಮೀಟಿಂಗ್ ಇದೆ, ಆಫೀಸ್ ಟಾಯ್ಲೆಟ್ ಗಲೀಜು, ಬಸ್ಸಲ್ಲಿದೀನಿ ಅಂತ ತಡೆದ್ರೆ ಆ ಒತ್ತಡ ಸ್ವಲ್ಪ ಹೊತ್ತಲ್ಲಿ ಹೋಗ್ಬಿಡತ್ತೆ, ಮಲ ಅಲ್ಲೇ ಉಳಿಯತ್ತೆ, ಕರುಳು ಅದ್ರಿಂದ ನೀರು ಹೀರ್ತಾನೇ ಇರತ್ತೆ, ಸಂಜೆ ಹೊತ್ತಿಗೆ ಇನ್ನೂ ಗಟ್ಟಿ.

## ಹಂತ 6: ನೀರು

ನಾರು ಜಾಸ್ತಿ ಮಾಡೋಕೆ ಮುಂಚೆ ನೀರು ಸರಿ ಮಾಡ್ಕೊಳ್ಳಿ. ದಿನಕ್ಕೆ ಇಂತಿಷ್ಟೇ ಲೀಟರ್ ಅಂತ ಹಠ ಬೇಡ, ಮೂತ್ರ ತಿಳಿ ಹಳದಿ ಇದ್ರೆ ಸಾಕು, ಗಾಢ ಹಳದಿ ಇದ್ರೆ ಕಮ್ಮಿ ಅಂತರ್ಥ. ಆಗ್ಲೇ ಸಾಕಷ್ಟು ಕುಡೀತಿರೋರು ಇನ್ನೂ ಮೂರು ಲೀಟರ್ ಕುಡಿದ್ರೆ ಮೂತ್ರಕ್ಕೆ ಹೋಗತ್ತೆ, ಮಲಕ್ಕಲ್ಲ. ಹಾರ್ಟ್ ಫೇಲ್ಯೂರ್, ಕಿಡ್ನಿ ತೊಂದ್ರೆಗೆ ನೀರು ಲಿಮಿಟ್ ಹಾಕಿಸ್ಕೊಂಡೋರು ಆ ಲಿಮಿಟ್ ದಾಟ್ಬೇಡಿ, ಅವರು ಮುಂದಿನ ಎರಡು ಹಂತನೂ ಡಾಕ್ಟರ್‌ನ ಕೇಳೇ ಮಾಡ್ಬೇಕು.

## ಹಂತ 7: ಊಟದಲ್ಲಿ ನಾರು, ವಾರಕ್ಕೆ ಸ್ವಲ್ಪ ಸ್ವಲ್ಪ

ದೊಡ್ಡವರಿಗೆ ದಿನಕ್ಕೆ 25ರಿಂದ 30 ಗ್ರಾಂ ನಾರು ಗುರಿ. "ಹಣ್ಣು ತರಕಾರಿ ತಿಂತೀನಿ" ಅನ್ನೋರ ತಟ್ಟೆ ಲೆಕ್ಕ ಹಾಕಿದ್ರೆ ಎಷ್ಟೋ ಸಲ ಅರ್ಧಾನೂ ಇರಲ್ಲ, ಯಾಕಂದ್ರೆ ಎರಡು ಹೋಳು ಸೌತೆಕಾಯಿನೂ ತರಕಾರಿನೇ.

ಅಂದಾಜು ಸಿಗ್ಲಿ ಅಂತ ಹೇಳ್ತೀನಿ, 100 ಗ್ರಾಂ ಲೆಕ್ಕ: ಬೇಯಿಸಿದ ಬೇಳೆ, ಕಡಲೆಕಾಳು 7-8 ಗ್ರಾಂ, ಒಣಗಿಸಿದ ಪ್ಲಮ್ ಅಂದ್ರೆ ಪ್ರೂನ್ 7, ಸೀಬೆಹಣ್ಣು 5, ಪೇರ್ (pear) ಹಣ್ಣು 3, ಕ್ಯಾರೆಟ್ 3ರ ಹತ್ರ, ಸಿಪ್ಪೆ ಸಮೇತ ಸೇಬು ಎರಡೂವರೆಯ ಆಸುಪಾಸು, ಬಾಳೆಹಣ್ಣೂ ಅಷ್ಟೇ. ಬಿಳಿ ಅನ್ನದಲ್ಲಿ ಅರ್ಧ ಗ್ರಾಮೂ ಇಲ್ಲ. ಅಂದ್ರೆ ಕಾಳು ಬೇಳೆ ಇಲ್ಲದೆ ಬರೀ ಹಣ್ಣಿಂದ 25 ಮುಟ್ಟೋದು ಕಷ್ಟ, ಒಂದು ಬಟ್ಟಲು ಕಾಳು ಸೇರಿಸಿದ್ರೆ ಅರ್ಧ ಕೆಲಸ ಮುಗೀತು.

ಒಂದೇ ದಿನ ಹತ್ತರಿಂದ ಮೂವತ್ತಕ್ಕೆ ಏರಿಸ್ಬೇಡಿ. ವಾರಕ್ಕೆ ಸುಮಾರು 5 ಗ್ರಾಂ ಏರಿಸಿ: ಮೊದಲ ವಾರ ಒಂದು ಸೀಬೆಹಣ್ಣು, ಎರಡನೇ ವಾರ ಅರ್ಧ ಬಟ್ಟಲು ಕಾಳು, ಹೀಗೆ. ಕರುಳಲ್ಲಿರೋ ಬ್ಯಾಕ್ಟೀರಿಯಾ ನಾರು ತಿಂದು ಗ್ಯಾಸ್ ಮಾಡತ್ತೆ, ಅದು ಹೊಂದ್ಕೊಳ್ಳೋವರೆಗೆ ಸ್ವಲ್ಪ ಉಬ್ಬರ ಇದ್ದೇ ಇರತ್ತೆ. ಉಬ್ಬರ ತಡೆಯೋಕಾಗ್ದಿದ್ರೆ ಹಿಂದಿನ ವಾರದ ಅಳತೆಗೆ ಇಳೀರಿ, ಬಿಟ್ಟುಬಿಡ್ಬೇಡಿ.

ಹಣ್ಣಲ್ಲಿ ಪರೀಕ್ಷೆ ಮಾಡಿ ಗೆದ್ದಿರೋದು ಎರಡು. ಪ್ರೂನ್, ಬೆಳಗ್ಗೆ 50 ಗ್ರಾಂ ಸಂಜೆ 50 ಗ್ರಾಂ, ಇಸಬ್ಗೋಲ್ ಜೊತೆ ಹೋಲಿಸಿದ ಅಧ್ಯಯನದಲ್ಲಿ ಇದೇ ಚೆನ್ನಾಗಿ ಕೆಲಸ ಮಾಡ್ತು, ಯಾಕಂದ್ರೆ ಅದರಲ್ಲಿ ನಾರಿನ ಜೊತೆ ನೀರು ಎಳೆಯೋ ಸಾರ್ಬಿಟಾಲ್ ಅನ್ನೋ ಸಕ್ಕರೆ ಥರದ ವಸ್ತುನೂ ಇದೆ. ಇನ್ನೊಂದು ಹಸಿರು ಕಿವಿ ಹಣ್ಣು, ದಿನಕ್ಕೆ ಎರಡು. ಗ್ಯಾಸ್ ಜಾಸ್ತಿ ಇರೋರಿಗೆ, ಐಬಿಎಸ್ (ಕರುಳು ಪದೇ ಪದೇ ಕೆರಳೋ ತೊಂದ್ರೆ) ಇರೋರಿಗೆ ಪ್ರೂನ್‌ಗಿಂತ ಕಿವಿ ಹಣ್ಣು ಹಿಡಿಸತ್ತೆ. ಪಪ್ಪಾಯ, ಅಂಜೂರ, ನೆನೆಸಿದ ಒಣದ್ರಾಕ್ಷಿ ಎಲ್ಲಾ ಒಳ್ಳೇದೇ, ಆದ್ರೆ ನಾಲ್ಕು ದ್ರಾಕ್ಷಿ ತಿಂದು ಪವಾಡ ಕಾಯ್ಬೇಡಿ. ಶುಗರ್ ಇರೋರು ಒಣಹಣ್ಣಿನ ಸಕ್ಕರೆ ಲೆಕ್ಕ ಇಟ್ಕೊಳ್ಳಿ.

ಜ್ಯೂಸ್ ಮಾಡಿ ಸೋಸಿದ್ರೆ ನಾರು ಜಾಲರಿಯಲ್ಲೇ ಉಳೀತು. ಹಣ್ಣನ್ನೇ ತಿನ್ನಿ.

## ಹಂತ 8: ಇಸಬ್ಗೋಲ್ ಮತ್ತೆ ಅಗಸೆ ಬೀಜ

ಇಲ್ಲಿವರೆಗೆ ಬಂದು ಎರಡು ಮೂರು ವಾರ ಆದ್ರೂ ಸಾಲ್ತಿಲ್ಲ ಅಂದ್ರೆ ಮಾತ್ರ.

1. ಒಂದು ಚಮಚ, 5 ಎಂಎಲ್ ಅಳತೆದು, ಅದಕ್ಕಿಂತ ಜಾಸ್ತಿ ಬೇಡ. ಮನೆ ಚಮಚದಲ್ಲಿ ಗೋಪುರ ಮಾಡಿ ತೆಗೆದ್ರೆ ಎರಡು ಚಮಚ ಆಗಿರತ್ತೆ.

2. 250 ಎಂಎಲ್ ನೀರಿಗೆ ಹಾಕಿ ಕಲಸಿ, ತಕ್ಷಣ ಕುಡೀರಿ. ಗಟ್ಟಿಯಾಗೋಕೆ ಬಿಟ್ಟು ಚಮಚದಲ್ಲಿ ತಿನ್ನೋದಲ್ಲ. ಅದು ಹೊಟ್ಟೆ ಒಳಗೆ ಉಬ್ಬಬೇಕು, ಲೋಟದಲ್ಲೂ ಅಲ್ಲ, ಗಂಟಲಲ್ಲಂತೂ ಅಲ್ವೇ ಅಲ್ಲ.

3. ಅದ್ರ ಹಿಂದೆ ಇನ್ನೊಂದು ಲೋಟ ನೀರು. "ಹೊಟ್ಟೆ ಕಲ್ಲಾಯ್ತು" ಅನ್ನೋರಲ್ಲಿ ಬಹುಪಾಲು ಈ ಎರಡನೇ ಲೋಟ ಬಿಟ್ಟೋರು.

4. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಗ್ಯಾಪ್ ಇರ್ಲಿ, ಇಲ್ಲಾಂದ್ರೆ ಮಾತ್ರೆ ಇದ್ರಲ್ಲೇ ಅಂಟ್ಕೊಂಡು ಹೀರಿಕೆ ಕಮ್ಮಿ ಆಗತ್ತೆ. ಥೈರಾಯ್ಡ್ ಮಾತ್ರೆಗೆ ಇನ್ನೂ ಜಾಸ್ತಿ, ನಾಲ್ಕು ಗಂಟೆ ಇಟ್ಕೊಳ್ಳಿ.

5. ಮಲಗೋಕೆ ಹೋಗ್ತಾ ಕುಡೀಬೇಡಿ, ಸಂಜೆ ಇಲ್ಲಾ ಬೆಳಗ್ಗೆ. ಫಲ ಕಾಣೋಕೆ 12ರಿಂದ 72 ಗಂಟೆ ಬೇಕು, ಒಂದು ವಾರ ಅದೇ ಅಳತೆ ಇಟ್ಟು ಆಮೇಲೆ ಬೇಕಿದ್ರೆ ಎರಡನೇ ಚಮಚ ಬೇರೆ ಹೊತ್ತಿಗೆ ಸೇರಿಸಿ.

ನುಂಗೋಕೆ ಕಷ್ಟ ಇರೋರು, ಅನ್ನನಾಳ ಅಥವಾ ಕರುಳು ಕಿರಿದಾಗಿರೋರು, ಹಾಸಿಗೆ ಹಿಡಿದವರು ಇಸಬ್ಗೋಲ್ ತಗೋಬಾರದು, ಉಬ್ಬಿ ಸಿಕ್ಕಿಕೊಳ್ಳತ್ತೆ. ಕುಡಿದ್ಮೇಲೆ ಎದೆನೋವು, ನುಂಗೋಕಾಗದೆ ಇರೋದು, ಉಸಿರಾಟಕ್ಕೆ ತೊಂದ್ರೆ ಬಂದ್ರೆ ತಕ್ಷಣ ಆಸ್ಪತ್ರೆಗೆ.

ಅಗಸೆ ಬೀಜ ಇಡಿಯಾಗಿ ನುಂಗಿದ್ರೆ ಎಷ್ಟೋ ಹಾಗೇ ಹೊರಗೆ ಬರತ್ತೆ, ಪುಡಿ ಮಾಡಿ ತಿನ್ನಿ, ಒಂದು ದೊಡ್ಡ ಚಮಚದಲ್ಲಿ 2-3 ಗ್ರಾಂ ನಾರು ಸಿಗತ್ತೆ. ಇದಕ್ಕೂ ನೀರಿನ ನಿಯಮ ಅದೇ. ಇಸಬ್ಗೋಲ್, ಅಗಸೆ, ಚಿಯಾ ಮೂರೂ ಒಟ್ಟಿಗೆ ಶುರು ಮಾಡ್ಬೇಡಿ, ಯಾವುದು ಕೆಲಸ ಮಾಡ್ತು ಯಾವುದು ಕೆಡಿಸ್ತು ಅಂತ ಆ ದೇವರಿಗೂ ಗೊತ್ತಾಗಲ್ಲ.

## ಹಂತ 9: ನಾರು ಜಾಸ್ತಿ ಆದಷ್ಟೂ ಕೆಡ್ತಿದ್ರೆ

ಎಲ್ಲಾ ಸರಿಯಾಗಿ ಮಾಡಿ ನಾಲ್ಕು ವಾರ ಆಯ್ತು, ಮಲ ಮೆತ್ತಗೇ ಇದೆ, ಆದ್ರೂ ಹೊರಗೆ ಬರ್ತಿಲ್ಲ, ಬೆರಳಿಂದ ಒತ್ತಬೇಕಾಗತ್ತೆ, ಗುದದ್ವಾರ ಮುಚ್ಚಿದ ಹಾಗೆ ಅನ್ಸತ್ತೆ. ಇಂಥೋರಿಗೆ ತೊಂದ್ರೆ ಊಟದಲ್ಲಿಲ್ಲ, ಮುಕ್ಕುವಾಗ ಸಡಿಲ ಆಗ್ಬೇಕಾದ ಸ್ನಾಯು ಬಿಗಿಯಾಗ್ತಿರತ್ತೆ. ಇದಕ್ಕೆ ಯಾವ ಬೀಜಾನೂ ಮದ್ದಲ್ಲ. ಬಯೋಫೀಡ್‌ಬ್ಯಾಕ್ ಅಂತ ಸ್ನಾಯು ತರಬೇತಿ ಇದೆ, ಚೆನ್ನಾಗಿ ಕೆಲಸ ಮಾಡತ್ತೆ, ಹೊಟ್ಟೆ ಕರುಳಿನ ಸ್ಪೆಷಲಿಸ್ಟ್ ಹತ್ರ ಹೋಗಿ ಕೇಳಿ. ಹೇಳ್ಕೊಳ್ಳೋಕೆ ನಾಚಿಕೆ ಅಂತ ವರ್ಷಗಟ್ಟಲೆ ಇಸಬ್ಗೋಲ್ ಡಬ್ಬಿ ಖಾಲಿ ಮಾಡ್ತಿರೋರು ಇವರೇ.

## ಮಕ್ಕಳಿಗೆ

ಎದೆಹಾಲು ಮಾತ್ರ ಕುಡಿಯೋ ಮಗು, ಮೊದಲ ಒಂದೂವರೆ ತಿಂಗಳು ದಾಟಿದ ಮೇಲೆ, ಕೆಲವೊಮ್ಮೆ ನಾಲ್ಕೈದು ದಿನ ಮಾಡದೆ ಇರತ್ತೆ. ಮೆತ್ತಗಿದ್ರೆ, ಮಗು ಆರಾಮಾಗಿದ್ರೆ, ತೂಕ ಏರ್ತಿದ್ರೆ ಅದು ಮಲಬದ್ಧತೆ ಅಲ್ಲ. ಹುಟ್ಟಿ ಎರಡು ದಿನ ಆದ್ರೂ ಮೊದಲ ಕಪ್ಪು ಮಲ ಹೋಗಿರ್ಲಿಲ್ಲ ಅಂದ್ರೆ ಅದನ್ನ ಡಾಕ್ಟರ್‌ಗೆ ಹೇಳ್ಲೇಬೇಕು. ಒಂದು ವರ್ಷದ ಒಳಗಿನ ಮಗುವಿಗೆ ಮಲ ಸಡಿಲ ಆಗ್ಲಿ ಅಂತ ಜೇನುತುಪ್ಪ ನೆಕ್ಕಿಸ್ಬೇಡಿ, ಬೋಟುಲಿಸಂ ಅನ್ನೋ ವಿಷಬಾಧೆ ಆಗಬಹುದು. ಗುದಕ್ಕೆ ಸೋಪಿನ ಚೂರು, ವೀಳ್ಯದ ತೊಟ್ಟು ಏನೂ ಇಡ್ಬೇಡಿ.

ಎರಡು ಮೂರು ವರ್ಷದ ಮಕ್ಕಳಲ್ಲಿ ಕಥೆ ಬೇರೆ. ಒಂದ್ಸಲ ಗಟ್ಟಿಯಾಗಿ ಹೋಗಿ ನೋವಾಗಿರತ್ತೆ, ಆ ಹೆದರಿಕೆಗೆ ಮಗು ತಡೆಹಿಡಿಯತ್ತೆ, ಕಾಲು ಕತ್ತರಿ ಹಾಕಿ ಮೂಲೇಲಿ ನಿಂತು ಕೆಂಪಗಾಗತ್ತೆ, ನೋಡೋರಿಗೆ ಮುಕ್ಕೋ ಹಾಗೆ ಕಾಣತ್ತೆ ಆದ್ರೆ ತಡೀತಿರೋದು. ಬೈದ್ರೆ ಇನ್ನೂ ತಡೆಯತ್ತೆ. ದಿನಕ್ಕೆ ಅರ್ಧ ಲೀಟರ್‌ಗಿಂತ ಜಾಸ್ತಿ ಹಾಲು ಕುಡೀತಿದ್ರೆ ಕಮ್ಮಿ ಮಾಡಿ, ಹಾಲಲ್ಲೇ ಹೊಟ್ಟೆ ತುಂಬಿದ್ರೆ ಊಟ ಸೇರಲ್ಲ. ಊಟ ಆದ್ಮೇಲೆ ಐದು ನಿಮಿಷ ಕೂರಿಸಿ, ಕಾಲಿಗೆ ಸ್ಟೂಲ್ ಕೊಡಿ. ಮೆತ್ತಗೆ ಮಾಡೋ ಸಿರಪ್ ಮಕ್ಕಳ ಡಾಕ್ಟರ್ ಬರೆದ್ರೆ ಅವರು ಹೇಳಿದಷ್ಟು ತಿಂಗಳು ಕೊಡಿ, ಎರಡು ಸಲ ಸಲೀಸಾಗಿ ಆಯ್ತು ಅಂತ ನಿಲ್ಲಿಸೋದ್ರಿಂದಾನೇ ಮತ್ತೆ ವಾಪಸ್ ಬರೋದು. ಇಸಬ್ಗೋಲ್ ಮಾತ್ರ ಡಾಕ್ಟರ್ ಹೇಳ್ದೆ ಮಕ್ಕಳಿಗೆ ಬೇಡ.

## ಸರಿಹೋದ್ಮೇಲೆ ಕಮ್ಮಿ ಮಾಡೋದು ಹೇಗೆ

ನೋಟ್‌ಬುಕ್‌ನಲ್ಲಿ ನಾಲ್ಕು ವಾರ 3, 4 ನಂಬರೇ ಇದ್ರೆ ಮೊದ್ಲು ಬಿಡ್ಬೇಕಾದ್ದು ಹಂತ 4ರ ಸಿರಪ್ ಇಲ್ಲಾ ಪುಡಿ, ಅದನ್ನೂ ಒಂದೇ ಸಲ ಅಲ್ಲ, ಒಂದು ದಿನ ಬಿಟ್ಟು ಒಂದು ದಿನ ಮಾಡಿ ನಿಧಾನ ಇಳಿಸಿ. ಆಮೇಲೆ ಇಸಬ್ಗೋಲ್ ಅರ್ಧ ಚಮಚಕ್ಕೆ. ಕಾಳು, ಹಣ್ಣು, ತಿಂಡಿ ಆದ್ಮೇಲೆ ಹೋಗಿ ಕೂರೋದು, ಇವು ಹಾಗೇ ಇರ್ಲಿ. ಮಧ್ಯೆ ಎಲ್ಲಾದ್ರೂ ಮತ್ತೆ 1, 2 ಬಂತು ಅಂದ್ರೆ ಹಿಂದಿನ ಅಳತೆಗೆ ವಾಪಸ್ ಹೋಗಿ ಇನ್ನೂ ಎರಡು ವಾರ ನೋಡಿ. ಪ್ರಯಾಣದಲ್ಲಿ ಎಲ್ಲರಿಗೂ ಒಂದೆರಡು ದಿನ ಏರುಪೇರು ಆಗತ್ತೆ, ಅದಕ್ಕೆ ಗಾಬರಿಬಿದ್ದು ಸೋನಾಮುಖಿ ಹುಡುಕ್ಬೇಡಿ, ಒಂದು ಪೊಟ್ಟಣ ಪ್ರೂನ್ ಬ್ಯಾಗಲ್ಲಿರ್ಲಿ.